ಬೆಳಿಗ್ಗೆ ನಿಂತ ಸ್ಕೂಟರ್ ರಾತ್ರಿಯವರೆಗೂ ಅಲ್ಲೇ

ಪ್ರಶ್ನೆ: ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಮಾವನವರ ಕಾಲದ್ದು. ಈಗ ನಾನು, ಯಜಮಾನರು ನೋಡಿಕೊಳ್ಳುತ್ತೇವೆ. ಮೊದಲೆಲ್ಲ ಗಿರಾಕಿಗಳು ಅಂಗಡಿ ಮುಂದೆಯೇ ಗಾಡಿ ನಿಲ್ಲಿಸಿ ಒಳಗೆ ಬರುತ್ತಿದ್ದರು. ಈಗ ಬೆಳಿಗ್ಗೆ ಹತ್ತೂವರೆಗೇ ರಸ್ತೆ ತುಂಬಿರುತ್ತದೆ. ಕಾರಿನಲ್ಲಿ ಬಂದವರು ಎರಡು ಸುತ್ತು ಹಾಕುತ್ತಾರೆ, ಜಾಗ ಸಿಗುವುದಿಲ್ಲ, ‘ಆಮೇಲೆ ಬರ್ತೀವಿ’ ಅಂತ ಫೋನ್ ಮಾಡಿ ಹೊರಟುಹೋಗುತ್ತಾರೆ. ಆಮೇಲೆ ಬರುವುದೇ ಇಲ್ಲ. ಈ ನಡುವೆ ಪೇ ಪಾರ್ಕಿಂಗ್ ಬರುತ್ತದಂತೆ ಅಂತ ಸುದ್ದಿ ಎದ್ದಿದೆ. ಅಕ್ಕಪಕ್ಕದ ಅಂಗಡಿಯವರು ಅದರ ವಿರುದ್ಧ ಮನವಿಗೆ ಸಹಿ ಹಾಕಿಸುತ್ತಿದ್ದಾರೆ. ದುಡ್ಡು ಕೇಳಿದರೆ ಇರುವ ಗಿರಾಕಿಗಳೂ ಆನ್‌ಲೈನ್‌ಗೆ ಹೋಗುತ್ತಾರೆ ಅನ್ನುವುದು ಎಲ್ಲರ ಭಯ. ಕೆಲವರು ರಸ್ತೆ ಅಗಲ ಮಾಡಲಿ ಅನ್ನುತ್ತಾರೆ, ಕೆಲವರು ಇನ್ನೊಂದು ಮಲ್ಟಿಲೆವೆಲ್, ಅಂದರೆ ಬಹುಮಹಡಿ ಪಾರ್ಕಿಂಗ್ ಕಟ್ಟಡ, ಕಟ್ಟಲಿ ಅನ್ನುತ್ತಾರೆ. ನಮ್ಮ ಎರಡು ಸ್ಕೂಟರ್, ಕೆಲಸದ ಹುಡುಗಿಯರ ಎರಡು ಸ್ಕೂಟರ್ ಅಂಗಡಿ ಮುಂದೆಯೇ ನಿಲ್ಲುತ್ತವೆ. ಅದಕ್ಕೂ ದಿನಾ ದುಡ್ಡು ಕೊಡಬೇಕಾ? ನಾನು ಸಹಿ ಹಾಕಲಾ, ಬೇಡವಾ?

ಉತ್ತರ: ಗಿರಾಕಿ ಎದುರಿಗೇ ಸುತ್ತು ಹಾಕಿ ವಾಪಸ್ ಹೋಗುವುದನ್ನು ಗಲ್ಲಾ ಹಿಂದೆ ಕೂತು ನೋಡುವ ಸಂಕಟ ಸಣ್ಣದಲ್ಲ. ಜಾಗ ಇಲ್ಲದೆ ವ್ಯಾಪಾರ ಹೋಗುತ್ತಿದೆ, ಜಾಗಕ್ಕೆ ದುಡ್ಡು ಹಾಕಿದರೆ ಇನ್ನೂ ಹೋಗುತ್ತದೆ ಅನ್ನುವುದು ನಿಮ್ಮ ಭಯ. ಮೊದಲನೆಯದು ನಿಜ. ಎರಡನೆಯದು ಅರ್ಧ ನಿಜ. ಯಾವ ಅರ್ಧ ಅಂತ ಮುಂದೆ ಹೇಳುತ್ತೇನೆ.

ನಾನು ಶುರು ಮಾಡುವುದು ಮಾತ್ರ, ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ನಾಲ್ಕು ಸ್ಕೂಟರ್‌ಗಳಿಂದ. ಬೇಜಾರು ಮಾಡಿಕೊಳ್ಳಬೇಡಿ.

ಅಂಗಡಿ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ ಅಂತ ಇಟ್ಟುಕೊಳ್ಳಿ. 11 ಗಂಟೆ, ಅಂದರೆ 660 ನಿಮಿಷ. ಒಬ್ಬ ಗಿರಾಕಿ ಸೀರೆ ನೋಡಿ, ಚೌಕಾಸಿ ಮಾಡಿ, ಬಿಲ್ ಕಟ್ಟಿ ಹೊರಡಲು 45 ನಿಮಿಷ ಹಿಡಿಯಲಿ. ಒಂದು ಸ್ಕೂಟರ್ ನಿಲ್ಲುವ ಜಾಗದಲ್ಲಿ ದಿನಕ್ಕೆ 14 ಗಿರಾಕಿಗಳು ಬಂದು ಹೋಗಬಹುದು. ನಾಲ್ಕು ಸ್ಕೂಟರ್ ಜಾಗ ಅಂದರೆ 56 ಗಿರಾಕಿಗಳು. ಮಧ್ಯಾಹ್ನ ವ್ಯಾಪಾರ ಮಂದ ಇರುತ್ತದೆ, ಅರ್ಧ ಕಳೆಯಿರಿ. ಆಗಲೂ 28. ಅಷ್ಟು ಜನರ ಜಾಗದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ಅಂಗಡಿಯವರದ್ದೇ ನಾಲ್ಕು ಗಾಡಿ ನಿಂತಿವೆ. ನಿಮ್ಮ ಪಕ್ಕದವರದ್ದೂ ಹೀಗೇ. ಎದುರಿನವರದ್ದೂ ಹೀಗೇ. ಮೇಲಿನ ಮಹಡಿಯ ಆಫೀಸಿನವರು, ಟ್ಯೂಷನ್ ನಡೆಸುವವರು, ಬ್ಯಾಂಕಿನ ಸಿಬ್ಬಂದಿ, ಎಲ್ಲರದ್ದೂ ಹೀಗೇ. ಹತ್ತೂವರೆಗೆ ರಸ್ತೆ ತುಂಬುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಆ ಹೊತ್ತಿಗೆ ಗಿರಾಕಿಗಳು ಇನ್ನೂ ಮನೆ ಬಿಟ್ಟಿರುವುದಿಲ್ಲ.

ಹೋಟೆಲ್ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹತ್ತು ಟೇಬಲ್ ಇರುವ ಹೋಟೆಲ್‌ಗೆ ಲಾಭ ಬರುವುದು ಟೇಬಲ್‌ಗಳಿಂದಲ್ಲ, ಟೇಬಲ್ ತಿರುಗುವುದರಿಂದ. ಹಳೇ ಹೋಟೆಲ್‌ಗಳ ಗೋಡೆ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಅಂತ ಬೋರ್ಡ್ ಇರುತ್ತಿತ್ತು. ಮಾಲೀಕರಿಗೆ ರಾಜಕೀಯದ ಮೇಲೆ ಏನೂ ಸಿಟ್ಟಿರಲಿಲ್ಲ. ಒಂದು ಬೈಟು ಕಾಫಿಗೆ ಎರಡು ಗಂಟೆ ಕೂರಬೇಡಿ ಅಂತ ಅದರ ಅರ್ಥ. ರಸ್ತೆ ಬದಿಯ ಜಾಗವೂ ಅಂಥದ್ದೇ. ನಿಮ್ಮ ಬೀದಿಯಲ್ಲಿ ಜಾಗ ಕಮ್ಮಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇರುವ ಜಾಗ ತಿರುಗುತ್ತಿಲ್ಲ ಅಂತ ಹೇಳುತ್ತಿದ್ದೇನೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ವರಮಹಾಲಕ್ಷ್ಮಿ, ದೀಪಾವಳಿ ವಾರ ಬೇಡ. ಒಂದು ಸಾಮಾನ್ಯ ಬುಧವಾರ, ಒಂದು ಶನಿವಾರ ಆರಿಸಿಕೊಳ್ಳಿ. ಪಿಯುಸಿ ಓದುವ ಇಬ್ಬರು ಮಕ್ಕಳಿಗೆ ನೋಟ್‌ಬುಕ್ ಕೊಟ್ಟು, ನಿಮ್ಮ ಅಂಗಡಿಯಿಂದ ಎರಡೂ ಕಡೆ ಐವತ್ತೈವತ್ತು ಮೀಟರ್ ಒಳಗೆ ನಿಂತಿರುವ ಗಾಡಿಗಳ ನಂಬರ್ ಬರೆಸಿ. ಕೊನೆಯ ನಾಲ್ಕು ಅಂಕಿ ಸಾಕು. ಅರ್ಧ ಗಂಟೆಗೊಮ್ಮೆ ಹೀಗೆ ಮಾಡಲಿ. ಸಂಜೆ ಲೆಕ್ಕ ಹಾಕಿದರೆ ಯಾವ ನಂಬರ್ ಎಷ್ಟು ಸಲ ಬಂತು ಅಂತ ತಿಳಿಯುತ್ತದೆ. ಸಂಚಾರದ ಕೆಲಸದಲ್ಲಿ ನಾವು ಮಾಡುವ ಪಾರ್ಕಿಂಗ್ ಸರ್ವೆಯ ಮೂಲವೂ ಇಷ್ಟೇ, ಕಂಪ್ಯೂಟರ್ ಆಮೇಲೆ ಬರುತ್ತದೆ. ನನ್ನ ಶುರುವಿನ ದಿನಗಳಲ್ಲಿ ಇನ್ನೊಂದು ಜಿಲ್ಲಾ ಕೇಂದ್ರದ ಪೇಟೆಯಲ್ಲಿ ಹೀಗೆ ನಂಬರ್ ಬರೆಯುತ್ತಿದ್ದೆವು. ಸ್ಟೀಲ್ ಪಾತ್ರೆ ಅಂಗಡಿಯವರೊಬ್ಬರು ಪ್ರತಿ ಸುತ್ತಿನಲ್ಲೂ ಹೊರಗೆ ಬಂದು ‘ಎಲ್ಲಾ ಹೊರಗಿನವರ ಗಾಡಿ ಸಾರ್, ಬರೆದುಕೊಳ್ಳಿ’ ಅನ್ನುತ್ತಿದ್ದರು. ಹಾಗೆ ಅವರು ಹೇಳುವಾಗೆಲ್ಲ ಅವರ ಕೈ ಒರಗಿರುತ್ತಿದ್ದುದು ಅವರದ್ದೇ ಬಜಾಜ್ ಚೇತಕ್ ಮೇಲೆ. ಸಂಜೆ ಪಟ್ಟಿಯಲ್ಲಿ ಆ ಚೇತಕ್ ಎಲ್ಲಾ ಸುತ್ತಿನಲ್ಲೂ ಇತ್ತು.

ಲೆಕ್ಕ ಹಾಕದೆಯೂ ಕಣ್ಣಿಗೆ ಕಾಣುವ ಗುರುತುಗಳಿವೆ. ಬಿಸಿಲಿಗೆ ಸೀಟಿನ ಮೇಲೆ ರಟ್ಟು ಮುಚ್ಚಿಟ್ಟಿದ್ದರೆ ಅದು ಗಿರಾಕಿಯ ಗಾಡಿಯಲ್ಲ. ಮರದ ನೆರಳಿನಲ್ಲೇ ಸರಿಯಾಗಿ ನಿಂತ ಕಾರು ಗಿರಾಕಿಯದ್ದಲ್ಲ, ಬೆಳಿಗ್ಗೆಯೇ ಬಂದು ಜಾಗ ಹಿಡಿದವರದ್ದು.

ಇನ್ನು ನಿಮ್ಮ ಬೀದಿಯಲ್ಲಿ ಓಡಾಡುತ್ತಿರುವ ನಂಬಿಕೆಗಳನ್ನು ನೋಡೋಣ.

‘ದುಡ್ಡು ಕೇಳಿದರೆ ಗಿರಾಕಿ ಬರುವುದಿಲ್ಲ’ ಅನ್ನುವ ಮಾತು ನಿಮ್ಮ ಊರಿನದ್ದಷ್ಟೇ ಅಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಪೇ ಪಾರ್ಕಿಂಗ್ ಮಾತು ಬಂದಾಗಲೂ ವ್ಯಾಪಾರಿಗಳು ಇದೇ ಭಯ ಹೇಳಿ ವಿರೋಧಿಸಿದ್ದಾರೆ. ಒಂದು ಹಳೇ ಕತೆ ಹೇಳುತ್ತೇನೆ. ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್, ಅಂದರೆ ಕಾಸು ಹಾಕಿದಷ್ಟು ಹೊತ್ತು ಗಾಡಿ ನಿಲ್ಲಿಸಲು ಬಿಡುವ ಯಂತ್ರ, ನೆಟ್ಟಿದ್ದು ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ, 1935ರ ಜುಲೈ 16ರಂದು. ಗಂಟೆಗೆ 5 ಸೆಂಟ್. ಅದರ ಹಿಂದೆ ಇದ್ದವರು ಕಾರ್ಲ್ ಮಗೀ ಅನ್ನುವ ಪತ್ರಕರ್ತ. ಅವರಿಗೆ ಈ ಕೆಲಸ ವಹಿಸಿದ್ದು ಸರ್ಕಾರವಲ್ಲ, ಅಲ್ಲಿನ ವಾಣಿಜ್ಯ ಮಂಡಳಿ, ಅಂದರೆ ವ್ಯಾಪಾರಿಗಳೇ. ಪೇಟೆಯಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಕಾರು ನಿಲ್ಲಿಸಿ ಸಂಜೆವರೆಗೆ ತೆಗೆಯುತ್ತಿರಲಿಲ್ಲ, ಗಿರಾಕಿಗೆ ಜಾಗವಿರಲಿಲ್ಲ. ನಿಮ್ಮದೇ ಕತೆ. ಮೊದಲು ರಸ್ತೆಯ ಒಂದೇ ಬದಿಗೆ ಮೀಟರ್ ಹಾಕಿ ನೋಡಿದರು. ಸ್ವಲ್ಪ ದಿನದಲ್ಲೇ ಎದುರು ಬದಿಯ ಅಂಗಡಿಯವರು ನಮಗೂ ಹಾಕಿ ಅಂತ ಕೇಳಿದರು.

ದುಡ್ಡು ಹಾಕಿದಾಗ ಮೊದಲು ಜಾಗ ಬಿಡುವವರು ಯಾರು ಅಂತ ಯೋಚಿಸಿ. ಎರಡು ಸಾವಿರದ ಸೀರೆ ಕೊಳ್ಳಲು ಬಂದವರಿಗೆ ಐದು ರೂಪಾಯಿ ದೊಡ್ಡದಲ್ಲ. ದಿನವಿಡೀ ನಿಲ್ಲಿಸುವವರಿಗೆ ಮಾತ್ರ ಅದು ತಿಂಗಳಿಗೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹೋಗುವವರು ಅವರು. ಅವರು ಹೋದ ಜಾಗಕ್ಕೆ ನಿಮ್ಮ ಗಿರಾಕಿ ಬರುತ್ತಾರೆ.

ಆದರೆ ನಿಮ್ಮ ಭಯದಲ್ಲಿ ಅರ್ಧ ನಿಜ ಇದೆ ಅಂದೆನಲ್ಲ, ಅದು ಇಲ್ಲಿದೆ. ನಮ್ಮ ಊರುಗಳಲ್ಲಿ ಪೇ ಪಾರ್ಕಿಂಗ್ ಅಂದರೆ ಸಾಮಾನ್ಯವಾಗಿ ಏನಾಗುತ್ತದೆ? ಟೆಂಡರ್ ಕರೆಯುತ್ತಾರೆ. ಯಾರು ವರ್ಷಕ್ಕೆ ಜಾಸ್ತಿ ದುಡ್ಡು ಕಟ್ಟುತ್ತೇನೆ ಅನ್ನುತ್ತಾರೋ ಅವರಿಗೆ ಬೀದಿ ಗುತ್ತಿಗೆ. ಅವರು ಎರಡು ಹುಡುಗರನ್ನು ನಿಲ್ಲಿಸುತ್ತಾರೆ, ಚೀಟಿ ಪುಸ್ತಕ ಕೊಡುತ್ತಾರೆ. ಚೀಟಿಯಲ್ಲಿ ಸಮಯ ಇರುವುದಿಲ್ಲ. ಬೈಕ್‌ಗೆ ಹತ್ತು, ಮುಗಿಯಿತು. ಅರ್ಧ ಗಂಟೆ ನಿಂತರೂ ಹತ್ತು, ಇಡೀ ದಿನ ನಿಂತರೂ ಹತ್ತು. ಆಗ ಅರ್ಧ ಗಂಟೆಯ ಗಿರಾಕಿಗೆ ಅದು ದುಬಾರಿ, ಇಡೀ ದಿನದವರಿಗೆ ಅಗ್ಗ. ಓಡಿಸಬೇಕಾದವರನ್ನು ಉಳಿಸಿಕೊಂಡು ಉಳಿಸಿಕೊಳ್ಳಬೇಕಾದವರನ್ನು ಓಡಿಸಿದ ಹಾಗೆ. ಗುತ್ತಿಗೆದಾರರಿಗೆ ಜಾಗ ತಿರುಗುವುದಕ್ಕಿಂತ ತುಂಬುವುದು ಮುಖ್ಯ, ಹಾಗಾಗಿ ಎರಡನೇ ಸಾಲೂ ನಿಲ್ಲಿಸುತ್ತಾರೆ. ‘ಚಿಲ್ಲರೆ ಇಲ್ಲ’ ಅಂತ ಜಗಳವಾಗುವುದು ನಿಮ್ಮ ಬಾಗಿಲಲ್ಲೇ. ಇಂಥ ಪೇ ಪಾರ್ಕಿಂಗ್‌ಗೆ ನೀವು ಹೆದರುವುದು ಸರಿಯೇ ಇದೆ. ನಾನೂ ಹೆದರುತ್ತೇನೆ.

‘ಇನ್ನೊಂದು ಮಲ್ಟಿಲೆವೆಲ್ ಕಟ್ಟಿ’ ಅನ್ನುವುದು ಕೇಳಲು ಚೆಂದ, ಯಾರಿಗೂ ನೋವಾಗದ ಬೇಡಿಕೆ. ಅದಕ್ಕೇ ಎಲ್ಲರೂ ಅದನ್ನು ಕೇಳುತ್ತಾರೆ. ನಿಮ್ಮಲ್ಲಿ ಶಿವಪ್ಪ ನಾಯಕ ಪ್ರತಿಮೆ ಹತ್ತಿರ ಒಂದು ಆಗಲೇ ಇದೆ. ಇನ್ನೊಂದು ಕಟ್ಟುವ ಮೊದಲು ಬೆಂಗಳೂರಿನ ಫ್ರೀಡಂ ಪಾರ್ಕ್ ಕಟ್ಟಡದ ಕತೆ ಕೇಳಿ. ಸುಮಾರು 550 ಕಾರು, ನೂರಾರು ಬೈಕ್ ನಿಲ್ಲಿಸುವ ಕಟ್ಟಡ, ಊರಿನ ನಟ್ಟನಡುವೆ. ಕಟ್ಟಿ ಮುಗಿದ ಮೇಲೂ ನಡೆಸಲು ಮುಂದೆ ಬರುವವರಿಲ್ಲದೆ ವರ್ಷಗಟ್ಟಲೆ ಸುಮ್ಮನೆ ನಿಂತಿತ್ತು. ತೆರೆದದ್ದು 2024ರಲ್ಲಿ. ಬೆಂಗಳೂರಿನಂಥ ಊರಲ್ಲೇ ಹೀಗೆ. ಕಾರಣ ಕಷ್ಟದ್ದೇನಲ್ಲ. ಹೊರಗೆ ರಸ್ತೆ ಬದಿಯಲ್ಲಿ ಪುಕ್ಕಟೆ ನಿಲ್ಲಿಸಬಹುದಾದರೆ ದುಡ್ಡು ಕೊಟ್ಟು ಮೂರನೇ ಮಹಡಿಗೆ ಹತ್ತುವವರು ಯಾರು?

ಖರ್ಚಿನ ಲೆಕ್ಕವೂ ಇದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಸಾಕು, ಅಂದರೆ 12.5 ಚದರ ಮೀಟರ್. ಆದರೆ ಒಳಗೆ ಬರಬೇಕು, ತಿರುಗಬೇಕು, ಹೊರಗೆ ಹೋಗಬೇಕು. ಅದಕ್ಕೇ ಯೋಜನೆ ಮಾಡುವವರು ಬಯಲಲ್ಲಿ ಕಾರೊಂದಕ್ಕೆ 23 ಚದರ ಮೀಟರ್ ಹಿಡಿಯುತ್ತಾರೆ, ಕಟ್ಟಡದ ಕೆಳಗೆ 28, ನೆಲಮಾಳಿಗೆಯಲ್ಲಿ 32. ರ‍್ಯಾಂಪ್, ಕಂಬ, ಗೋಡೆ ಎಲ್ಲಾ ಜಾಗ ತಿನ್ನುತ್ತವೆ. ಪೇಟೆ ನಡುವಿನ ನೆಲದ ಬೆಲೆ ನಿಮಗೇ ಗೊತ್ತು. ಜತೆಗೆ ನಮ್ಮ ಸಣ್ಣ ಊರುಗಳಲ್ಲಿ ಜಾಸ್ತಿ ಇರುವುದು ದ್ವಿಚಕ್ರ. ಒಂದು ಬ್ಲೌಸ್ ಪೀಸ್‌ಗೆ ಮ್ಯಾಚಿಂಗ್ ಫಾಲ್ ತೆಗೆದುಕೊಳ್ಳಲು ಬಂದವರು ಸ್ಕೂಟಿಯನ್ನು ರ‍್ಯಾಂಪ್ ಹತ್ತಿಸುವುದಿಲ್ಲ. ಆದರೆ ಇಡೀ ದಿನ ನಿಲ್ಲಿಸುವವರು, ರೇಟು ಸರಿ ಇದ್ದರೆ, ಖಂಡಿತ ಹತ್ತಿಸುತ್ತಾರೆ. ಕಟ್ಟಡ ಇರುವುದೇ ಅವರಿಗೆ. ರಸ್ತೆ ಬದಿ ದುಬಾರಿ, ಕಟ್ಟಡದ ಒಳಗೆ ಅಗ್ಗ ಇರಬೇಕು. ನಮ್ಮಲ್ಲಿ ಉಲ್ಟಾ.

ರಸ್ತೆ ಅಗಲೀಕರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಅಂಗಡಿಯ ಮುಂಭಾಗವೇ ಹೋಗುತ್ತದೆ, ಪರಿಹಾರಕ್ಕೆ ಅಲೆಯುತ್ತೀರಿ, ಅಗಲವಾದಷ್ಟೂ ಜಾಗದಲ್ಲಿ ಇನ್ನೊಂದು ಸಾಲು ಗಾಡಿ ನಿಲ್ಲುತ್ತದೆ.

‘ನಮ್ಮ ಅಂಗಡಿ ಮುಂದಿನ ಜಾಗ ನಮ್ಮದು’ ಅಂತ ನೀವು ಬರೆದಿಲ್ಲ. ಆದರೆ ನಿಮ್ಮ ಬೀದಿಯಲ್ಲಿ ಅನ್ನುವವರು ಇದ್ದೇ ಇರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಂದು ಸ್ಟೂಲ್, ಒಂದು ಹಗ್ಗ, ಇಲ್ಲವೇ ಎಣ್ಣೆ ಡಬ್ಬಕ್ಕೆ ಸಿಮೆಂಟ್ ತುಂಬಿ ನೆಟ್ಟ ಪೈಪು ರಸ್ತೆಗೆ ಬರುತ್ತದೆ. ಮೇಲೊಂದು ‘ನೋ ಪಾರ್ಕಿಂಗ್’ ಬೋರ್ಡ್, ಕೆಳಗೆ ಯಾವುದೋ ಚಿನ್ನದಂಗಡಿ ಜಾಹೀರಾತು. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. ಸಾರ್ವಜನಿಕ ಬೀದಿ ಪಾಲಿಕೆಯ ಸುಪರ್ದಿಯದ್ದು. ಎಲ್ಲಿ ವಾಹನ ನಿಲ್ಲಿಸಬಹುದು ಅಂತ ನಿಗದಿ ಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಅಧಿಕಾರಿಗೆ ಕೊಟ್ಟಿದೆ, ಸ್ಥಳೀಯ ಸಂಸ್ಥೆಯನ್ನು ಕೇಳಿಕೊಂಡು. ಅಂಗಡಿ ಬಾಡಿಗೆ ಕರಾರಿನಲ್ಲಿ ಮೆಟ್ಟಿಲಿನವರೆಗೆ ಮಾತ್ರ ನಿಮ್ಮದು.

ಈ ಸ್ಥಿತಿ ಹೇಗೆ ಬಂತು? ನಮ್ಮ ಹಳೇ ಪೇಟೆ ಬೀದಿಗಳು ಎತ್ತಿನಗಾಡಿ ಕಾಲದವು. ಸಂತೆಗೆ ಬಂದವರು ಗಾಡಿಯನ್ನು ಊರ ಹೊರಗಿನ ತೋಪಿನಲ್ಲಿ ಬಿಟ್ಟು, ಎತ್ತಿಗೆ ಹುಲ್ಲು ಹಾಕಿ, ಪೇಟೆಗೆ ನಡೆದು ಬರುತ್ತಿದ್ದರು. ಅಂಗಡಿ ಮುಂದೆ ಎತ್ತು ಕಟ್ಟಿ ಸೀರೆ ನೋಡುತ್ತಾ ಕೂತವರನ್ನು ಯಾರೂ ಕಂಡಿಲ್ಲ. ಗಾಡಿ ಹೋಗಿ ಸ್ಕೂಟರ್ ಬಂತು, ತೋಪಿನಲ್ಲಿ ಕಟ್ಟಡ ಬಂತು. 2011ರ ಜನಗಣತಿಯಲ್ಲೇ ನಿಮ್ಮ ಊರಿನ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಬೀದಿ ಮಾತ್ರ ಅಷ್ಟೇ ಅಗಲ.

ಇನ್ನೊಂದು ಕಾರಣವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಬಹಳಷ್ಟು ವಾಣಿಜ್ಯ ಕಟ್ಟಡಗಳ ನಕ್ಷೆಯಲ್ಲಿ ನೆಲಮಾಳಿಗೆ ಪಾರ್ಕಿಂಗ್‌ಗೆ ಅಂತ ಇರುತ್ತದೆ. ಹೋಗಿ ನೋಡಿದರೆ ಅಲ್ಲಿ ಗೋಡೌನ್, ಟೈಲರ್, ಜೆರಾಕ್ಸ್ ಅಂಗಡಿ. ಒಳಗೆ ನಿಲ್ಲಬೇಕಾದ ಗಾಡಿ ಬೀದಿಗೆ ಬಂದು ನಿಲ್ಲುತ್ತದೆ. ಪಾಲಿಕೆ ಇದನ್ನು ತೆರವು ಮಾಡಿಸಬಹುದು. ಆದರೆ ಅಲ್ಲಿರುವ ಬಾಡಿಗೆದಾರರ ಹೊಟ್ಟೆಪಾಡು ಇದೆ, ತಡೆಯಾಜ್ಞೆ ಬರುತ್ತದೆ, ವರ್ಷಗಳು ಹಿಡಿಯುತ್ತವೆ. ಬೇಡಿಕೆಯಲ್ಲಿ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ.

ನಿಮ್ಮ ಗಿರಾಕಿಗಳು ಹೇಗೆ ಬರುತ್ತಾರೆ ಅಂತ ಎಂದಾದರೂ ಕೇಳಿದ್ದೀರಾ? ಆಸ್ಟ್ರಿಯಾದ ಗ್ರಾಜ್, ಇಂಗ್ಲೆಂಡಿನ ಬ್ರಿಸ್ಟಲ್ ಊರುಗಳಲ್ಲಿ ಅಂಗಡಿಯವರನ್ನೂ ಗಿರಾಕಿಗಳನ್ನೂ ಬೇರೆ ಬೇರೆ ಕೇಳಿ ಹೋಲಿಸಿದ್ದಾರೆ. ಎರಡೂ ಕಡೆ ಅಂಗಡಿಯವರು ಕಾರಿನಲ್ಲಿ ಬರುವವರನ್ನು ಇರುವುದಕ್ಕಿಂತ ಜಾಸ್ತಿ ಅಂದುಕೊಂಡಿದ್ದರು. ಕಾರಣ ಸಹಜ. ಜಾಗ ಸಿಗಲಿಲ್ಲ ಅಂತ ದೂರು ಹೇಳುವವರು ಕಾರಿನವರು. ನಡೆದು ಬಂದವರು ಏನೂ ಹೇಳದೆ ಕೊಂಡು ಹೋಗುತ್ತಾರೆ. ಮದುವೆ ಜವಳಿಗೆ ತೀರ್ಥಹಳ್ಳಿ, ಶಿಕಾರಿಪುರ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಂಗಸರು, ಕೈಯಲ್ಲಿ ಮಗು, ಬಗಲಲ್ಲಿ ಚೀಲ, ನಿಮ್ಮ ಬೀದಿಯಲ್ಲಿ ಎಲ್ಲಿ ನಡೆಯುತ್ತಾರೆ? ಫುಟ್‌ಪಾತ್ ಮೇಲೆ ಗಾಡಿ. ಹಾಗಾಗಿ ಗಾಡಿಗಳ ನಡುವೆ, ರಸ್ತೆಯಲ್ಲೇ. ರಸ್ತೆಗಳ ಅಳತೆ, ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕಡೇಪಕ್ಷ 1.8 ಮೀಟರ್ ಬೇಕು, ಎದುರುಬದುರಾದ ಇಬ್ಬರು ತಗುಲದೆ ಹಾದುಹೋಗುವಷ್ಟು. ನಿಮ್ಮ ಅಂಗಡಿಯ ಗೊಂಬೆಗಳು ಸೀರೆ ಉಟ್ಟು ಎಲ್ಲಿ ನಿಲ್ಲುತ್ತವೆ ಅಂತ ನಾನು ಕೇಳುವುದಿಲ್ಲ.

ಸರಿ, ಈಗ ಏನು ಮಾಡಬಹುದು?

ಎಲ್ಲಕ್ಕಿಂತ ಅಗ್ಗದ ದಾರಿ, ಬೀದಿಯ ಅಂಗಡಿಯವರೇ ಕೂತು ಒಪ್ಪಂದ ಮಾಡಿಕೊಳ್ಳುವುದು. ಮಾಲೀಕರ, ಕೆಲಸದವರ ಗಾಡಿ ಬೀದಿಗೆ ಬೇಡ. ಎಲ್ಲಿ ನಿಲ್ಲಿಸುವುದು? ನಿಮ್ಮ ಊರಿನಲ್ಲಿ ಅಂಗಡಿ ಸಾಲುಗಳ ಹಿಂದೆ ಕನ್ಸರ್ವೆನ್ಸಿಗಳಿವೆ, ಅಂದರೆ ಹಿಂಬದಿಯ ಓಣಿಗಳು. ಸ್ಮಾರ್ಟ್ ಸಿಟಿ ಯೋಜನೆಗೆ ಶಿವಮೊಗ್ಗ ಆಯ್ಕೆಯಾದ ಮೇಲೆ ಅವುಗಳಲ್ಲಿ ಕೆಲವನ್ನು ಚೊಕ್ಕ ಮಾಡಿದ್ದಾರೆ. ಉಳಿದವು ಇನ್ನೂ ಕಸ, ಹಳೇ ರಟ್ಟಿನ ಡಬ್ಬ, ಜನರೇಟರ್‌ಗಳ ಪಾಲು. ಮಲ್ಟಿಲೆವೆಲ್‌ನ ಮೇಲಿನ ಮಹಡಿಗಳಿಗೆ ಕೆಲಸದವರ ಹೆಸರಲ್ಲಿ ತಿಂಗಳ ಪಾಸ್ ಕೇಳಬಹುದು. ಹತ್ತಿರದ ಕಲ್ಯಾಣ ಮಂಟಪದವರನ್ನು ಕೇಳಿ, ಮುಹೂರ್ತವಿಲ್ಲದ ದಿನ, ಆಷಾಢ ಪೂರ್ತಿ ಅವರ ಅಂಗಳ ಖಾಲಿ. ತೊಂದರೆ ಏನೆಂದರೆ ಮುಹೂರ್ತವಿದ್ದ ತಿಂಗಳಲ್ಲೇ ನಿಮಗೂ ವ್ಯಾಪಾರ ಜೋರು, ಅವರಿಗೂ ಅಂಗಳ ಬೇಕು. ಇನ್ನೊಂದು ಅಪಾಯ, ಇಂಥ ಒಪ್ಪಂದಗಳು ಹದಿನೈದು ದಿನ ಚೆನ್ನಾಗಿ ನಡೆಯುತ್ತವೆ. ಹದಿನಾರನೇ ದಿನ ಒಬ್ಬರು ‘ಮಳೆ ಬರ್ತಿದೆ, ಇವತ್ತೊಂದಿನ’ ಅಂತ ಮುಂದೆ ನಿಲ್ಲಿಸುತ್ತಾರೆ. ಮರುದಿನ ಎಲ್ಲರೂ. ಮತ್ತೆ, ರಾತ್ರಿ ಒಂಬತ್ತಕ್ಕೆ ಕೆಲಸ ಬಿಟ್ಟ ಹುಡುಗಿಯರು ಕತ್ತಲೆ ಕನ್ಸರ್ವೆನ್ಸಿಗೆ ಹೋಗಿ ಗಾಡಿ ತೆಗೆಯಬೇಕಾಗುತ್ತದೆ. ಅಲ್ಲಿ ದೀಪ ಇಲ್ಲದಿದ್ದರೆ ಈ ಮಾತೇ ಎತ್ತಬೇಡಿ.

ಎರಡನೆಯದು ಗುರುತು ಹಾಕುವುದು. ಐದಾರು ಮೀಟರ್ ಉದ್ದದ ರಸ್ತೆ ಅಂಚಿನಲ್ಲಿ ಒಂದು ಕಾರು ನಿಲ್ಲುತ್ತದೆ, ಇಲ್ಲವೇ ಅಡ್ಡಡ್ಡ ನಿಲ್ಲಿಸಿದರೆ ಐದು ಸ್ಕೂಟರ್. ಅಂಗಡಿ ಸಾಲಿನ ಮುಂದೆ ದ್ವಿಚಕ್ರಕ್ಕೆ ಗೆರೆ ಎಳೆದು, ಕಾರುಗಳಿಗೆ ಪಕ್ಕದ ರಸ್ತೆಗಳಲ್ಲಿ ಜಾಗ ತೋರಿಸಿದರೆ ಅದೇ ಬೀದಿಗೆ ಎಷ್ಟೋ ಪಟ್ಟು ಗಿರಾಕಿಗಳು ಹಿಡಿಸುತ್ತಾರೆ. ಕಾರಿನವರು ಇನ್ನೂರು ಮೀಟರ್ ನಡೆಯಬೇಕಾಗುತ್ತದೆ, ಮುಖ ಸಿಂಡರಿಸುತ್ತಾರೆ. ದೊಡ್ಡ ಬಿಲ್ ಮಾಡುವವರೇ ಕಾರಿನವರು ಅಂತ ನಿಮಗೆ ಅನ್ನಿಸಿದರೆ ಅದೂ ಎಣಿಸಿ ನೋಡಬೇಕಾದ ವಿಷಯವೇ. ಬಿಲ್ ಮಾಡುವಾಗ ‘ಹೇಗೆ ಬಂದ್ರಿ?’ ಅಂತ ಒಂದು ವಾರ ಕೇಳಿ, ಬಿಲ್ ಹಿಂದೆ ಗುರುತು ಹಾಕಿ. ವಯಸ್ಸಾದವರಿಗೆ, ಅಂಗವಿಕಲರಿಗೆ ಎರಡು ಕಾರಿನ ಜಾಗ ಮುಂದೆಯೇ ಇರಲಿ.

ಸಮ-ಬೆಸ ದಿನ, ಅಂದರೆ ಒಂದು ದಿನ ಈ ಬದಿ, ಮರುದಿನ ಆ ಬದಿ ಅನ್ನುವ ಪದ್ಧತಿ ನಮ್ಮ ಊರುಗಳ ಹಳೇ ಮದ್ದು. ಇಕ್ಕಟ್ಟಾದ ಬೀದಿಯಲ್ಲಿ ಬಸ್ಸು, ಆಂಬುಲೆನ್ಸ್ ದಾಟಲು ಇದು ಬೇಕು. ಆದರೆ ಇದರಿಂದ ಪಾರ್ಕಿಂಗ್ ಸಮಸ್ಯೆ ತೀರುವುದಿಲ್ಲ, ಜಾಗ ಅರ್ಧ ಆಗುತ್ತದೆ ಅಷ್ಟೇ. ಬೆಳಿಗ್ಗೆ ಬಂದವರೇ ಆ ಅರ್ಧವನ್ನೂ ಹಿಡಿಯುತ್ತಾರೆ. ಕ್ಯಾಲೆಂಡರ್ ನೋಡದೆ ನಿಲ್ಲಿಸಿ ದಂಡ ಕಟ್ಟುವವರು ಮಾತ್ರ ಹೊರಊರಿನ ನಿಮ್ಮ ಗಿರಾಕಿ.

ಸರಕಿನ ಟೆಂಪೋ ಬೆಳಿಗ್ಗೆ ಒಂಬತ್ತೂವರೆಯ ಒಳಗೆ ಬರಲಿ ಅನ್ನುವ ನಿಯಮ ಒಳ್ಳೆಯದು. ಆದರೆ ಟ್ರಾನ್ಸ್‌ಪೋರ್ಟ್ ಆಫೀಸು, ಹಮಾಲರು ಆ ಹೊತ್ತಿಗೆ ಸಿಗಬೇಕು. ಅವರ ಜತೆ ಮಾತಾಡದೆ ಬೋರ್ಡ್ ಹಾಕಿದರೆ ಅದು ಬೋರ್ಡ್ ಆಗಿಯೇ ಉಳಿಯುತ್ತದೆ.

ಟೋಯಿಂಗ್ ಮಾಡಲಿ ಅನ್ನುವವರೂ ಇದ್ದಾರೆ. ಅಡ್ಡಿಯಾಗಿ ಬಿಟ್ಟ ವಾಹನವನ್ನು ತೆಗೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆದರೆ ಬೆಂಗಳೂರಿನಲ್ಲಿ ಜನರ ಸಿಟ್ಟು ಎಷ್ಟಾಯಿತೆಂದರೆ 2022ರಲ್ಲಿ ಟೋಯಿಂಗ್ ನಿಲ್ಲಿಸಬೇಕಾಯಿತು. ಎಲ್ಲಿ ನಿಲ್ಲಿಸಬಹುದು ಅಂತ ತೋರಿಸದೆ ಎತ್ತಿಕೊಂಡು ಹೋದರೆ ಸಿಟ್ಟು ಬಾರದೆ ಇನ್ನೇನು?

ಇನ್ನು ಪೇ ಪಾರ್ಕಿಂಗ್. ಸರಿಯಾಗಿ ಮಾಡಿದರೆ ನಿಮ್ಮ ಬೀದಿಗೆ ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ರೇಟು ಹೊತ್ತಿನ ಜತೆ ಏರಬೇಕು. ಲೆಕ್ಕಕ್ಕೆ ಹೇಳುವುದಾದರೆ, ಸ್ಕೂಟರ್‌ಗೆ ಮೊದಲ ಗಂಟೆಗೆ 5 ರೂಪಾಯಿ, ಎರಡನೇ ಗಂಟೆಗೆ 10, ಆಮೇಲೆ ಪ್ರತಿ ಗಂಟೆಗೆ 20. ನಿಮ್ಮ ಗಿರಾಕಿ ಐದು ರೂಪಾಯಿಯಲ್ಲಿ ಮುಗಿಸುತ್ತಾರೆ. 11 ಗಂಟೆ ನಿಲ್ಲಿಸುವವರು 195 ಕೊಡಬೇಕು. ಯಾರೂ ಕೊಡುವುದಿಲ್ಲ, ಕೊಡಬೇಕು ಅಂತಲೂ ಅಲ್ಲ. ಅವರು ತಿಂಗಳ ಪಾಸ್ ಮಾಡಿಸಿ ಒಳಗೆ ನಿಲ್ಲಿಸಲಿ ಅಂತ. ನಿಮ್ಮ ನಾಲ್ಕು ಸ್ಕೂಟರ್‌ಗೆ ದಿನಾ ದುಡ್ಡು ಕೊಡಬೇಕಾ ಅನ್ನುವುದಕ್ಕೂ ಇದೇ ಉತ್ತರ. ಮುಂದೆಯೇ ಬೇಕೆಂದರೆ ಕೊಡಬೇಕು.

ರೇಟು ಎಷ್ಟಿರಬೇಕು ಅನ್ನುವುದಕ್ಕೆ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಒಂದು ಸುಲಭದ ಅಳತೆ ಹೇಳುತ್ತಿದ್ದರು. ಜಾಗದಲ್ಲಿ ಸುಮಾರು ಶೇ 85 ತುಂಬಿರಬೇಕು. ಅಂದರೆ ಏಳು ಜಾಗದಲ್ಲಿ ಒಂದು ಸದಾ ಖಾಲಿ. ಯಾವಾಗಲೂ ಅದಕ್ಕಿಂತ ಜಾಸ್ತಿ ತುಂಬಿದ್ದರೆ ರೇಟು ಕಮ್ಮಿಯಾಯಿತು, ಅರ್ಧ ಖಾಲಿ ಹೊಡೆಯುತ್ತಿದ್ದರೆ ಜಾಸ್ತಿಯಾಯಿತು. ಬುಧವಾರ ಮಧ್ಯಾಹ್ನ ಪುಕ್ಕಟೆ ಇರಲಿ, ಶನಿವಾರ ಸಂಜೆ ಏರಲಿ, ತಪ್ಪೇನಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ರೇಟಿಗಿಂತ ದೊಡ್ಡ ಪ್ರಶ್ನೆ. ಕ್ಯಾಲಿಫೋರ್ನಿಯಾದ ಪಸಡೀನಾ ಊರಿನ ಹಳೇ ಪೇಟೆಯಲ್ಲಿ ಮೀಟರ್ ಹಾಕುತ್ತೇವೆ ಅಂದಾಗ ವ್ಯಾಪಾರಿಗಳು ನಿಮ್ಮವರ ಹಾಗೇ ವಿರೋಧಿಸಿದರು. ಬಂದ ದುಡ್ಡನ್ನೆಲ್ಲ ಅದೇ ಪೇಟೆಗೆ ಖರ್ಚು ಮಾಡುತ್ತೇವೆ ಅಂತ ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು. ಆ ದುಡ್ಡಲ್ಲಿ ಫುಟ್‌ಪಾತ್, ದೀಪ, ಮರ ಆಯಿತು. ಅಂಗಡಿ ಹಿಂದಿನ ಓಣಿಗಳು, ನಿಮ್ಮ ಭಾಷೆಯಲ್ಲಿ ಕನ್ಸರ್ವೆನ್ಸಿಗಳು, ನಡೆಯುವ ದಾರಿಯಾದವು. ನಮ್ಮಲ್ಲಿ ಪಾರ್ಕಿಂಗ್ ದುಡ್ಡು ಪಾಲಿಕೆಯ ಸಾಮಾನ್ಯ ಖಾತೆಗೆ ಹೋದರೆ ಹೊಳೆಗೆ ಹಾಕಿದ ಹುಣಸೆಹಣ್ಣು.

ಒಂದು ಎಚ್ಚರಿಕೆ. ಪೇ ಪಾರ್ಕಿಂಗ್ ಗೆರೆ ಎಳೆಯುವಾಗ ಮೊದಲು ಎತ್ತಂಗಡಿಯಾಗುವವರು ಹೂವು, ಹಣ್ಣು ಮಾರುವವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಯದೆ ಅವರನ್ನು ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ವಿಷಯ ಬರಬೇಕು. ಇದನ್ನು ಮರೆತರೆ ಇಡೀ ಯೋಜನೆ ಕೋರ್ಟಿನಲ್ಲಿ ಕೂರುತ್ತದೆ. ಹೂವಿನ ಬುಟ್ಟಿ ಹಿಡಿಯುವ ಜಾಗ ನಿಮ್ಮ ಒಂದು ಸ್ಕೂಟರಿನಷ್ಟೂ ಇಲ್ಲ, ಮತ್ತು ಆ ಬುಟ್ಟಿಗೆ ಬಂದವರೇ ಎಷ್ಟೋ ಸಲ ನಿಮ್ಮ ಅಂಗಡಿಗೂ ಹತ್ತುತ್ತಾರೆ.

ಸಹಿ ಹಾಕಲಾ ಅಂತ ಕೇಳಿದ್ದೀರಿ. ಈಗಿರುವ ರೂಪದಲ್ಲಿ ಹಾಕಬೇಡಿ. ‘ಪೇ ಪಾರ್ಕಿಂಗ್ ಬೇಡ’ ಅನ್ನುವ ಮನವಿ ಗೆದ್ದರೆ ನಿಮಗೆ ಸಿಗುವುದು ಇವತ್ತಿನ ಬೀದಿಯೇ. ಮನವಿಯನ್ನು ಬದಲಾಯಿಸಲು ಕೇಳಿ. ಚೀಟಿಯಲ್ಲಿ ಸಮಯ ಇರಬೇಕು, ರೇಟು ಗಂಟೆಗೆ ಏರಬೇಕು. ಗುತ್ತಿಗೆದಾರರಿಗೆ ನಡೆಸುವ ಕೂಲಿ ಮಾತ್ರ ಸಿಗಲಿ, ವಸೂಲಿ ಬೇರೆ ಖಾತೆಗೆ ಹೋಗಿ ಈ ಬೀದಿಯ ಫುಟ್‌ಪಾತ್‌ಗೆ, ಕನ್ಸರ್ವೆನ್ಸಿ ದೀಪಕ್ಕೆ ಖರ್ಚಾಗಲಿ. ಕೆಲಸದವರಿಗೆ ಕಮ್ಮಿ ದರದ ತಿಂಗಳ ಪಾಸ್ ಮೊದಲು ಕೊಡಲಿ, ವಸೂಲಿ ಆಮೇಲೆ ಶುರುವಾಗಲಿ. ಆರು ತಿಂಗಳು ಒಂದೇ ಬದಿಗೆ ಮಾಡಿ ನೋಡಲಿ. ಇಷ್ಟು ಬರೆದರೆ ಸಹಿ ಹಾಕಿ, ನಾಲ್ಕು ಜನರ ಹತ್ತಿರ ಹಾಕಿಸಿ. ಸಭೆಗೆ ಹೋಗುವಾಗ ಆ ಮಕ್ಕಳು ಬರೆದ ನೋಟ್‌ಬುಕ್ ಕೈಯಲ್ಲಿರಲಿ. ನಿಮ್ಮ ಎರಡು ಸ್ಕೂಟರ್ ನಂಬರ್ ಇರುವ ಪುಟವನ್ನೇ ಮೊದಲು ತೆಗೆದು ತೋರಿಸಿ, ಪಕ್ಕದವರ ನಂಬರ್ ಓದುವುದು ಆಮೇಲೆ ಸುಲಭವಾಗುತ್ತದೆ.